ಶುಕ್ರವಾರಕ್ಕೆ ಬಂದ ರವಿವಾರ

ಅಕ್ಕ ಮಸ್ಕತ್‌ನ ಶಾಲೆಯೊಂದರಲ್ಲಿ ಗಣಿತದ ಟೀಚರ್. ಹೋದ ಹೊಸತರಲ್ಲಿ ಬಿಸಿಲಿಗಿಂತ, ಒಂಟಿತನಕ್ಕಿಂತ ಅವಳನ್ನು ಕಾಡಿದ್ದು ರವಿವಾರ! ಒಮಾನಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ (೨೦೧೩ರ ತನಕ ಗುರುವಾರ, ಶುಕ್ರವಾರ ಇತ್ತಂತೆ). ಹಾಗಾಗಿ ಅವಳು ರುವಿಯ ಚರ್ಚಿಗೆ ಹೋಗುವುದು ಶುಕ್ರವಾರ. ರವಿವಾರ ಧಾರವಾಡದಲ್ಲಿ ಒಂಬತ್ತಕ್ಕೆ ಚರ್ಚಿನ ಗಂಟೆ ಬಾರಿಸುವಾಗ ಅಲ್ಲಿ ಏಳೂವರೆ, ಅಕ್ಕನ ಶಾಲೆಯ ಗಂಟೆ.

"ದೇವರ ದಿನಾ ಬಿಟ್ಟು ಇದೆಂಥಾ ನೌಕರಿ?" ಅಂತ ಅವ್ವ ಫೋನಿನಲ್ಲಿ ಅಳುತ್ತಿದ್ದಳು. ಅಕ್ಕನೂ ಅಳುತ್ತಿದ್ದಳು. ಬೆಂಗಳೂರಿನ ಆಫೀಸಿನಲ್ಲಿ ಕೂತು ಇಬ್ಬರ ಕಾಲ್ ಕನೆಕ್ಟ್ ಮಾಡಿಕೊಡುವ ಸಾಫ್ಟ್‌ವೇರ್ ಇಂಜಿನಿಯರ್ ನಾನು, ಸುಮ್ಮನೆ ಕೇಳುತ್ತಿದ್ದೆ.

ಈ ಸಲ ರಜೆಗೆ ಬಂದ ಅಕ್ಕ ಗುರುವಾರ ರಾತ್ರಿ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಯಾಕೆ ಅಂದರೆ, "ನಾಳೆ ಚರ್ಚ್ ಅಲ್ಲೇನು?" ಅಂದಳು! ನನಗೆ ನಗು ಬಂತು. ಅವ್ವ ನಗಲಿಲ್ಲ. "ಅಲ್ಲೇ ಬೇರು ಬಿಟ್ಟಾಳ ಬಿಡು" ಅಂದಳು.

ಅದು ಸಮಾಧಾನವೋ, ಸಂಕಟವೋ? ನನಗಂತೂ ಇನ್ನೂ ತಿಳಿದಿಲ್ಲ.