ಕೊಳಲಿನ ತೆಳುಪೊರೆ

ಮಗುವಿಗೆ ಸಂಗೀತದಲ್ಲಿ ಒಲವಿದೆಯೆಂದು ತಿಳಿದಾಗ ತಂದೆತಾಯಂದಿರ ಮುಖದಲ್ಲಿ ಸಂತೋಷದೊಡನೆ ಆತಂಕವೂ ಮೂಡುವುದುಂಟು. “ಇದರಿಂದ ಹೊಟ್ಟೆ ತುಂಬೀತೇ, ಸ್ವಾಮಿ?” ಎಂದು ಅನೇಕರು ನನ್ನನ್ನು ಕೇಳಿದ್ದಾರೆ. ಮನೆ ಬಾಡಿಗೆ, ಶಾಲೆಯ ಶುಲ್ಕ, ಔಷಧಿಯ ಖರ್ಚುಗಳ ನಡುವೆ ಬದುಕುವ ಕುಟುಂಬಕ್ಕೆ ಇದು ಸಣ್ಣ ಪ್ರಶ್ನೆಯಲ್ಲ. ಆಗೆಲ್ಲ ನನಗೆ ನೆನಪಾಗುವವರು ಚೀನಾದ ಕೊಳಲುವಾದಕ ಲು ಚುನ್‌ಲಿಂಗ್.

1921ರಲ್ಲಿ ಶಾಂಘೈ ನಗರದಲ್ಲಿ ಜನಿಸಿದ ಅವರಿಗೆ ಬಾಲ್ಯದಲ್ಲಿ ಕೊಳಲು ಕಲಿಸಿದವರು ನೆರೆಯಲ್ಲಿ ಪಾದರಕ್ಷೆ ಹೊಲಿಯುತ್ತಿದ್ದ ಒಬ್ಬ ಸಾಮಾನ್ಯ ವ್ಯಕ್ತಿ. ಬೆಳೆದ ಮೇಲೆ ಲು ಹೊಟ್ಟೆಪಾಡಿಗಾಗಿ ವಾಹನ ಚಾಲಕರಾದರು. ರಿಕ್ಷಾ ತುಳಿದದ್ದೂ ಉಂಟು. ಆದರೆ ಕೊಳಲನ್ನು ಕೈಬಿಡಲಿಲ್ಲ. ರೇಷ್ಮೆ ತಂತಿಯ ವಾದ್ಯಗಳನ್ನೂ ಬಿದಿರಿನ ವಾದ್ಯಗಳನ್ನೂ ಕೂಡಿಸಿ ನುಡಿಸುವ ಸಂಪ್ರದಾಯವೊಂದು ಆ ಸೀಮೆಯಲ್ಲಿದೆ. ದುಡಿದು ದಣಿದವರು ಚಹಾದಂಗಡಿಗಳಲ್ಲಿ ಕಲೆತು, ಹಣದ ಹಂಬಲವಿಲ್ಲದೆ ನುಡಿಸುತ್ತಿದ್ದ ಸಂಗೀತವದು. ಲು ಪಳಗಿದ್ದು ಅದರಲ್ಲಿಯೇ. 1950ರ ದಶಕದಲ್ಲಿ ಅವರು ಶಾಂಘೈಯ ವಾದ್ಯವೃಂದದಲ್ಲಿ ವೃತ್ತಿನಿರತ ಕಲಾವಿದರಾದರು. ಮುಂದೆ ಅಲ್ಲಿನ ಸಂಗೀತ ಮಹಾವಿದ್ಯಾಲಯದಲ್ಲಿ ಬೋಧಿಸಿದರು, ಹಲವು ದೇಶಗಳಲ್ಲಿ ನುಡಿಸಿದರು. 2018ರಲ್ಲಿ, 96ರ ವಯಸ್ಸಿನಲ್ಲಿ ನಿಧನರಾದರು.

ಅವರು ನುಡಿಸುತ್ತಿದ್ದ ‘ದೀಜಿ’ ಎಂಬ ಕೊಳಲಿಗೆ ಒಂದು ವಿಶೇಷವಿದೆ. ಊದುವ ರಂಧ್ರಕ್ಕೂ ಬೆರಳಿಡುವ ಆರು ರಂಧ್ರಗಳಿಗೂ ನಡುವೆ ಮತ್ತೊಂದು ರಂಧ್ರವಿರುತ್ತದೆ. ಜೊಂಡಿನ ಒಳಗಿನಿಂದ ತೆಗೆದ ಅತಿ ತೆಳುವಾದ ಪೊರೆಯನ್ನು ಅದರ ಮೇಲೆ ಅಂಟಿಸುತ್ತಾರೆ. ಬೆಳ್ಳುಳ್ಳಿಯ ರಸವೇ ಅಂಟಾಗುವುದೂ ಉಂಟು. ಪೊರೆ ಬಿಗಿಯಾದರೆ ನಾದ ಮಂಕಾಗುತ್ತದೆ, ಸಡಿಲವಾದರೆ ಒಡಕಾಗುತ್ತದೆ. ಹವೆಯ ತೇವ ಬದಲಾದರೂ ಸಾಕು, ಅದು ಕೆಡುತ್ತದೆ. ಆದ್ದರಿಂದ ಎಷ್ಟೇ ದೊಡ್ಡ ವಾದಕನಾದರೂ ಪೊರೆಯ ಸಣ್ಣ ಸುಕ್ಕುಗಳನ್ನು ಮತ್ತೆ ಮತ್ತೆ ಸರಿಪಡಿಸಿಕೊಳ್ಳಲೇಬೇಕು. ಆ ವಾದ್ಯದ ಹೊಳೆಯುವ ನಾದ ಹೊಮ್ಮುವುದು ಅಷ್ಟು ದುರ್ಬಲವಾದ ವಸ್ತುವಿನ ಕಂಪನದಿಂದ.

ಮಕ್ಕಳ ಪ್ರತಿಭೆಯೂ ಹಾಗೆಯೇ ಅಲ್ಲವೇ? ಅತಿಯಾಗಿ ಬಿಗಿದರೆ ಸೊರಗುತ್ತದೆ, ಕಡೆಗಣಿಸಿದರೆ ಕೆಡುತ್ತದೆ. ತಲಾಂತುಗಳ ಸಾಮತಿಯನ್ನು ನೆನೆಯಿರಿ. ಒಂದೇ ತಲಾಂತನ್ನು ಪಡೆದ ಸೇವಕನು ಅದನ್ನು ಪೋಲು ಮಾಡಲಿಲ್ಲ. ಅಂಜಿ ಮಣ್ಣಿನಲ್ಲಿ ಹೂತಿಟ್ಟನು. ನಮ್ಮ ಮನೆಗಳಲ್ಲಿ ಎಷ್ಟೋ ವರದಾನಗಳು ಹೂತುಹೋಗುವುದು ದುಷ್ಟತನದಿಂದಲ್ಲ, ನಾಳೆಯ ಅಂಜಿಕೆಯಿಂದ.

ಸಂಗೀತ ಅನ್ನ ಕೊಟ್ಟೀತೆಂಬ ಭರವಸೆಯನ್ನು ನಾನು ಯಾರಿಗೂ ಕೊಡಲಾರೆ. ಲು ಅವರಿಗೂ ಅದು ಬಹುಕಾಲ ಕೊಡಲಿಲ್ಲ. ಮಗು ಓದಲಿ, ಒಂದು ಕಸುಬನ್ನೂ ಕಲಿಯಲಿ. ಆದರೆ ಸಂಜೆಯ ಅರ್ಧ ಗಂಟೆಯನ್ನು, ಭಾನುವಾರ ದೇವಾಲಯದ ಗಾನವೃಂದದಲ್ಲಿ ಒಂದು ಸ್ಥಾನವನ್ನು ಅದಕ್ಕೆ ಉಳಿಸಿಕೊಡಿ. ಕಲಿಸಲು ದೊಡ್ಡ ವಿದ್ವಾಂಸರೇ ಬೇಕೆಂದಿಲ್ಲ. ಪಾದರಕ್ಷೆ ಹೊಲಿಯುತ್ತಿದ್ದ ಆ ನೆರೆಯವರಿಗೆ ತಾವು ಯಾರನ್ನು ಬೆಳೆಸುತ್ತಿದ್ದೇವೆಂದು ತಿಳಿದಿರಲಿಲ್ಲ. ಕೈಲಿದ್ದ ವಿದ್ಯೆಯನ್ನು ಪಕ್ಕದ ಮನೆಯ ಮಗುವಿಗೆ ಧಾರೆಯೆರೆದರು, ಅಷ್ಟೇ. ನಿಮ್ಮ ಬೀದಿಯಲ್ಲಿಯೂ ಅಂಥ ಮಗುವೊಂದು ಇರಬಹುದು. ಅದನ್ನು ಗುರುತಿಸುವ ಕಣ್ಣನ್ನು ಪ್ರಭು ನಮಗೆ ದಯಪಾಲಿಸಲಿ.