ಕೈಯೆಲ್ಲ ಮಣ್ಣು, ಕಿವಿಯಲ್ಲಿ ಪುಸ್ತಕ

ಪುಸ್ತಕ ಕೈಯಲ್ಲಿದ್ದರೆ ಹಿಡಿಸದ ಪುಟವನ್ನು ಹಾರಿಸಿಬಿಡಬಹುದು. ಟಿ.ವಿ. ಆದರೆ ಚಾನೆಲ್ ಬದಲಾಯಿಸಬಹುದು. ಆದರೆ ಕೈಗೆಲ್ಲ ಮಣ್ಣು ಮೆತ್ತಿಕೊಂಡಿದ್ದು, ಮೊಬೈಲು ಕಿಟಕಿಯಲ್ಲಿ ಕೂತು ತನ್ನ ಪಾಡಿಗೆ ಓದುತ್ತಿದ್ದರೆ ಕೇಳದೆ ವಿಧಿಯಿಲ್ಲ. ನಮಗೆ ಒಪ್ಪದ ವಿಚಾರ ಕೇಳೋದಕ್ಕೆ ಕಳೆ ಕೀಳುವ ಹೊತ್ತೇ ಸರಿ ಅಂತ ನನಗೆ ಗೊತ್ತಾಗಿದ್ದು ಈ ಮಳೆಗಾಲದಲ್ಲಿ.

ಮಂಡಿಕಲ್ಲಿನ ನಮ್ಮ ಹಿತ್ತಲು ದೊಡ್ಡದೇನಲ್ಲ. ನಾಲ್ಕು ಸಾಲು ಕನಕಾಂಬರ, ಒಂದು ಸೀಬೆ, ಒಂದು ನುಗ್ಗೆ. ಎರಡು ಮಳೆ ಬಿದ್ದರೆ ಸಾಕು, ಗರಿಕೆ ಹಬ್ಬುತ್ತೆ, ಕಾಂಗ್ರೆಸ್ ಗಿಡ ಮೊಣಕಾಲುದ್ದ ಏಳುತ್ತೆ. ಬೆಳಗಿನ ತಂಪಿನಲ್ಲಿ ನಾನೂ ನಮ್ಮ ಮಾವನೂ ಒಂದು ಗಂಟೆ ಕೂತು ಕೀಳುತ್ತೇವೆ. ಆಗ ಕೇಳಲಿ ಅಂತ ಮಗಳು ಫೋನಿಗೆ ಹಾಕಿಕೊಟ್ಟಿದ್ದು ಅಂಬೇಡ್ಕರ್ ಅವರ ‘ಜಾತಿ ವಿನಾಶ’.

ನಮ್ಮದು ಗಾಂಧಿ ಮನೆ. 1927ರಲ್ಲಿ ಗಾಂಧೀಜಿ ಕಾಯಿಲೆಯಿಂದ ಚೇತರಿಸಿಕೊಳ್ಳಲು ಇಲ್ಲೇ ನಮ್ಮ ನಂದಿ ಬೆಟ್ಟಕ್ಕೆ ಬಂದಿದ್ದರು. ಅವರನ್ನು ನೋಡಿಬಂದ ಕಥೆಯನ್ನು ಮಾವನ ತಂದೆ ಸಾಯುವವರೆಗೂ ಹೇಳುತ್ತಿದ್ದರಂತೆ. ಮಾವ ಹುಡುಗರಾಗಿದ್ದಾಗ ಸಹಪಂಕ್ತಿ ಭೋಜನದಲ್ಲಿ ಕೂತು ಉಂಡು, ಬಂಧುಗಳಿಂದ ಬೈಸಿಕೊಂಡವರು. ಜೊತೆಗೆ ಕೂತು ಉಣ್ಣೋಣ, ಮನಸ್ಸು ತಾನಾಗೇ ಬದಲಾಗುತ್ತೆ ಅನ್ನೋದೇ ನಮ್ಮ ಮನೆಯ ರಾಜಕೀಯ.

ಅಂಬೇಡ್ಕರ್ ಮುಟ್ಟಿದ್ದು ಅದನ್ನೇ. ಸಹಭೋಜನದಿಂದ ಜಾತಿ ಹೋಗಲ್ಲ, ಅಂತರ್ಜಾತಿ ಮದುವೆಯೇ ನಿಜವಾದ ಮದ್ದು. ಜಾತಿಗೆ ಆಸರೆಯಾದ ಶಾಸ್ತ್ರದ ಮೇಲಿನ ನಂಬಿಕೆ ಅಲುಗದೆ ಅದೂ ಆಗದು ಅನ್ನುತ್ತಾರೆ.

“ಏನಮ್ಮಾ, ನಾವು ಕೂತು ಉಂಡಿದ್ದೆಲ್ಲ ದಂಡ ಅಂತಾರಾ ಇವರು?” ಮಾವ ತಲೆ ಎತ್ತಿದರು.

“ದಂಡ ಅನ್ನಲಿಲ್ಲ ಮಾವ, ಸಾಲದು ಅಂದ್ರು.”

“ನಿಲ್ಸಮ್ಮಾ ಅದನ್ನ.”

“ಕೈಯೆಲ್ಲ ಮಣ್ಣು ಮಾವ.”

ಓದು ಮುಂದುವರಿಯಿತು.

ಇದು ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲಕ್ಕಾಗಿ ಬರೆದ ಭಾಷಣ. ಮುಂಚೆಯೇ ಓದಿ ನೋಡಿದ ಸಂಘಟಕರು ಹಿಂಜರಿದು ಸಮ್ಮೇಳನವನ್ನೇ ರದ್ದು ಮಾಡಿದರು. ಅಂಬೇಡ್ಕರ್ 1936ರ ಮೇ ತಿಂಗಳಲ್ಲಿ ತಾವೇ ದುಡ್ಡು ಹಾಕಿ 1500 ಪ್ರತಿ ಅಚ್ಚು ಹಾಕಿಸಿದರು. ಅದೇ ಮೇ ತಿಂಗಳಲ್ಲಿ ಗಾಂಧೀಜಿ ಎರಡನೇ ಸಲ ನಂದಿ ಬೆಟ್ಟದ ಮೇಲಿದ್ದರು! ಜುಲೈಯಲ್ಲಿ ಅವರು ‘ಹರಿಜನ’ ಪತ್ರಿಕೆಯಲ್ಲಿ ಅಂಬೇಡ್ಕರರ ವಾದವನ್ನು ಒಪ್ಪದೆ ಬರೆದರು. ಆದರೆ ಸುಧಾರಣೆ ಬಯಸುವ ಯಾರೂ ಈ ಭಾಷಣವನ್ನು ಕಡೆಗಣಿಸುವ ಹಾಗಿಲ್ಲ ಅಂತಲೂ ಬರೆದರು. ಎಂಟಾಣೆ ಬೆಲೆ ಜಾಸ್ತಿಯಾಯಿತು, ಎರಡಾಣೆಗೆ, ಹೋಗಲಿ ನಾಲ್ಕಾಣೆಗಾದರೂ ಇಳಿಸಬೇಕು ಅಂತ ಸಲಹೆ ಬೇರೆ. 1937ರ ಎರಡನೇ ಮುದ್ರಣದಲ್ಲಿ ಅಂಬೇಡ್ಕರ್ ಗಾಂಧೀಜಿಯ ಆಕ್ಷೇಪಗಳನ್ನೂ ಸೇರಿಸಿ, ಅದರ ಜೊತೆಗೇ ತಮ್ಮ ಖಡಕ್ ಉತ್ತರ ಕೊಟ್ಟರು.

ಎಂಟಾಣೆ ವಿಷಯ ಕೇಳಿ ಮಾವ ನಕ್ಕುಬಿಟ್ಟರು. “ನೋಡಮ್ಮ, ಒಪ್ಪಲ್ಲ ಅಂತಾನೇ ಎಲ್ಲರೂ ಓದಲಿ ಅಂದ್ರು.”

ನನ್ನ ತಲೆಯಲ್ಲಿ ಉಳಿದದ್ದೂ ಇದೇ. ಎದುರಾಳಿಯ ಮಾತನ್ನು ತಮ್ಮ ಓದುಗರ ಮುಂದೆ ತಾವೇ ತಂದಿಟ್ಟವರು ಅವರಿಬ್ಬರು. ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಬೇರೆ ಮಾತು ಬಂದರೆ ಮೂರು ಜನ ಎದ್ದು ಹೋಗುತ್ತಾರೆ.

ಹಾಗಂತ ಹದಿನೈದು ದಿನದಲ್ಲಿ ನಾವೇನೂ ಬದಲಾಗಿ ಹೋಗಲಿಲ್ಲ. ಗೋಡೆಯ ಮೇಲೆ ಗಾಂಧೀಜಿ ಇದ್ದಾರೆ. ಶಾಸ್ತ್ರದ ವಿಷಯದಲ್ಲಿ ಅಂಬೇಡ್ಕರ್ ಜೊತೆ ನನಗಿನ್ನೂ ತಕರಾರಿದೆ. ಆದರೆ ಮಗಳಿಗೆ ಗಂಡು ಹುಡುಕುತ್ತಿದ್ದೇವೆ. ಬಯೋಡೇಟಾದಲ್ಲಿ ಜಾತಿಗೊಂದು ಸಾಲು, ಉಪಜಾತಿಗೊಂದು ಸಾಲು. ಅವಳು ಇದೇ ಪುಸ್ತಕವನ್ನು ಯಾಕೆ ಹಾಕಿಕೊಟ್ಟಳು ಅಂತ ನಾನು ಕೇಳಿಲ್ಲ.

ಮೊನ್ನೆ ಸಂಜೆ ಮಾವ ಕನ್ನಡಕ ಹಾಕಿಕೊಂಡು ಆ ಹಾಳೆ ತರಿಸಿಕೊಂಡರು. ಪೆನ್ನು ತೆಗೆದು ಉಪಜಾತಿಯ ಸಾಲಿಗೆ ಗೀಟು ಎಳೆದರು. ಮಗಳು ಪಕ್ಕದಲ್ಲೇ ನಿಂತಿದ್ದಳು.

“ಇನ್ನೊಂದು ಸಾಲು, ತಾತ?”

“ಅದಕ್ಕೆ ಪುಸ್ತಕ ಇನ್ನೊಂದ್ಸಲ ಕೇಳ್ಬೇಕಾಗುತ್ತೆ ಕಣಮ್ಮ.”

ಬಯೋಡೇಟಾ ಇನ್ನೂ ಯಾರಿಗೂ ಕಳಿಸಿಲ್ಲ.