ಹೊಳಪಲ್ಲ, ಸಮತಟ್ಟು

ಎರಡು ಲೋಹದ ಮೈಗಳನ್ನು ಎಷ್ಟೇ ಬಿಗಿಯಾಗಿ ಒತ್ತಿ ಕೂರಿಸಿದರೂ ಅವು ನಿಜವಾಗಿ ಮುಟ್ಟುವುದು ಅಲ್ಲೊಂದು ಇಲ್ಲೊಂದು ಉಬ್ಬಿನಲ್ಲಿ ಮಾತ್ರ. ಉಳಿದ ತಗ್ಗುಗಳಲ್ಲಿ ಗಾಳಿ ನಿಲ್ಲುತ್ತದೆ. ತಾಮ್ರವು ಗಾಳಿಗಿಂತ ಸುಮಾರು 15,000 ಪಟ್ಟು ಹೆಚ್ಚು ಉಷ್ಣವಾಹಕ. ಆದಕಾರಣ ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಕೂರುವ ಹೀಟ್‌ಸಿಂಕ್ ಎಷ್ಟೇ ದೊಡ್ಡದಿರಲಿ, ಅದರ ತಳ ಸಮತಟ್ಟಾಗಿರದಿದ್ದರೆ ಮೇಲಿನ ರೆಕ್ಕೆಗಳಿಗೆ ಶಾಖ ಸರಿಯಾಗಿ ತಲುಪದು.

ಈ ಸಂಗತಿ ನಮಗೆ ಮುಖ್ಯವಾದದ್ದು ದೆಹಲಿಯ ಜೂನ್ ತಿಂಗಳ ಸೆಕೆಯಲ್ಲಿ. ನಮ್ಮೊಡನಿರುವ ತಂದೆಯವರಿಗೆ ಕಿವಿ ಮಂದ. ತುಟಿಯ ಚಲನೆ ನೋಡಿ ಮಾತು ಗ್ರಹಿಸುತ್ತಾರೆ. ಮೊಬೈಲಿನ ಪರದೆ ಅದಕ್ಕೆ ಸಾಲದು. ಧಾರವಾಡದ ತಂಗಿಯೊಡನೆ ಅವರು ಮನಬಿಚ್ಚಿ ಮಾತನಾಡುವುದು ಭಾನುವಾರ, ಕಂಪ್ಯೂಟರಿನ ದೊಡ್ಡ ಪರದೆಯ ಮುಂದೆ. ಅದೋ ಕಾಲು ಗಂಟೆಯಲ್ಲಿ ಕಾದು ತಾನಾಗಿ ಆರಿಹೋಗತೊಡಗಿತು. ಧೂಳು ತೆಗೆದೆವು, ಥರ್ಮಲ್ ಪೇಸ್ಟ್ ಬದಲಿಸಿದೆವು, ಗುಣ ಕಾಣಲಿಲ್ಲ. ಹೀಟ್‌ಸಿಂಕಿನ ತಾಮ್ರದ ತಳಕ್ಕೆ ಉಕ್ಕಿನ ಸ್ಕೇಲಿನ ಅಂಚನ್ನು ತಾಗಿಸಿ ಬೆಳಕಿಗೆ ಹಿಡಿದಾಗ ನಡುವೆ ಬೆಳಕಿನ ಗೆರೆಯೊಂದು ನುಸುಳಿತು. ತಳ ತಗ್ಗಾಗಿತ್ತು.

ತಂದೆಯವರು ಮೂವತ್ತು ವರ್ಷ ಫಿಟ್ಟರ್ ಆಗಿ ದುಡಿದವರು. ಹತ್ತನೆಯ ತರಗತಿಯ ನಮ್ಮ ಮಗನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ಹಿಂದಿ ಆಡುವ ತುಟಿಯನ್ನು ಅಜ್ಜ ಓದಲಾರರು. ಅಂದು ಕೈಗಳೇ ಮಾತಾಡಿದವು. ದಪ್ಪ ಗಾಜಿನ ಮೇಲೆ 400ರ ವಾಟರ್ ಪೇಪರ್ ಹಾಸಿ ಸಾಬೂನು ನೀರು ಚಿಮುಕಿಸಿದರು. ತಳದ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆಗಳನ್ನೆಳೆದು, ಭಾರ ಹಾಕದೆ ಒಂದೇ ದಿಕ್ಕಿನಲ್ಲಿ ಉಜ್ಜುವುದನ್ನೂ, ಹತ್ತು ಬಾರಿಗೊಮ್ಮೆ ಕಾಲು ಸುತ್ತು ತಿರುಗಿಸುವುದನ್ನೂ ತೋರಿಸಿದರು. ಅಂಚಿನ ಶಾಯಿ ಮೊದಲು ಅಳಿಯಿತು, ನಡುವಿನದು ಉಳಿಯಿತು. ಉಳಿದ ಶಾಯಿಯೇ ತಗ್ಗಿನ ನಕ್ಷೆ. ಅದು ಪೂರ್ತಿ ಅಳಿಯುವ ಹೊತ್ತಿಗೆ ಎರಡು ತಾಸು ಕಳೆದಿತ್ತು. ಬಳಿಕ 600, 800, 1000.

ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋದ ವಿದ್ವತ್ಸಭೆಯಲ್ಲಿ ನಿಜವಾದ ಸಮತಲಗಳನ್ನು ಸಾಧಿಸುವ ಬಗೆಯನ್ನು ವಿವರಿಸಿದರು. ಆ ವಿಧಾನಕ್ಕೆ ಮೂರು ಫಲಕಗಳು ಬೇಕು. ಎರಡೇ ಇದ್ದರೆ, ಒಂದು ಉಬ್ಬಿ ಮತ್ತೊಂದು ತಗ್ಗಿ, ಎರಡೂ ತಪ್ಪಾಗಿದ್ದುಕೊಂಡೇ ಪರಸ್ಪರ ಹೊಂದಿಕೊಂಡುಬಿಡಬಹುದು. ಆ ಹೊಂದಾಣಿಕೆಯ ಸುಳ್ಳನ್ನು ಹಿಡಿಯುವುದು ಮೂರನೆಯದು.

ಮುಖ ಕಾಣುವವರೆಗೆ 2000ರಲ್ಲಿ ಉಜ್ಜಬೇಕೆಂಬುದು ಮಗನ ಆಸೆ. ಅಜ್ಜ ಬೆರಳಾಡಿಸಿ ನೋಡಿ ತಡೆದರು: “ಸಾಕಪಾ. ಮಾರಿ ನೋಡ್ಕೊಳ್ಳಾಕ ಮನ್ಯಾಗ ಕನ್ನಡಿ ಐತಿ.” ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ಪೇಸ್ಟ್ ತುಂಬಿಕೊಳ್ಳುತ್ತದೆ, ಆದರೆ ಅದು ಶಾಖ ಸಾಗಿಸುವುದರಲ್ಲಿ ತಾಮ್ರಕ್ಕೆ ಎಂದೂ ಸಮವಲ್ಲ. ಅದರ ಪದರ ತೆಳುವಾದಷ್ಟೂ ಮೇಲು. ತಗ್ಗನ್ನು ಪೇಸ್ಟಿನಿಂದ ಮುಚ್ಚುವುದಕ್ಕಿಂತ ತಗ್ಗೇ ಇಲ್ಲದಂತೆ ಮಾಡುವುದು ಸರಿಯಾದ ದಾರಿ.

ತೊಳೆದು, ಒರೆಸಿ, ಮರಳಿ ಕೂರಿಸಿದೆವು. 96 ಡಿಗ್ರಿಗೆ ಏರುತ್ತಿದ್ದ ಉಷ್ಣತೆ 84ರಲ್ಲಿ ನಿಂತಿತು. ಧಾರವಾಡದ ಮಾತುಕತೆ ಈಗ ಒಂದು ಗಂಟೆ ನಡೆಯುತ್ತದೆ. ಮಗನೂ ಅಜ್ಜನ ಎದುರು ಕೂತು, ತುಟಿ ಕಾಣುವಂತೆ, ನಿಧಾನವಾಗಿ ಕನ್ನಡದಲ್ಲಿಯೇ ಕೇಳುತ್ತಿದ್ದಾನೆ: ಪ್ರೊಸೆಸರಿನ ಲೋಹದ ಮುಚ್ಚಳವನ್ನೂ ಉಜ್ಜೋಣವೇ? ಅಜ್ಜ ಇನ್ನೂ ಒಪ್ಪಿಲ್ಲ.